ಕಪ್ಪು ಪರದೆಯಿಂದ ಡೆಸ್ಕ್‌ಟಾಪ್‌ಗೆ: ರಾಸ್ಪ್‌ಬೆರಿ ಪೈ ಅಣಿಗೊಳಿಸುವ ಬಗೆ

ರಾಸ್ಪ್‌ಬೆರಿ ಪೈ ಹೊಸದಾಗಿ ಕೊಂಡವರ ಮೊದಲ ದೂರು ಹೆಚ್ಚುಕಡಿಮೆ ಒಂದೇ. ಟಿವಿಗೆ ಕೇಬಲ್ ಸಿಕ್ಕಿಸಿ ಕರೆಂಟು ಕೊಟ್ಟರೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಸರಸರ ಓಡುತ್ತವೆ, ಕಡೆಗೆ ‘ಲಾಗಿನ್’ ಎಂದು ಕೇಳಿ ಸುಮ್ಮನಾಗುತ್ತವೆ. ಮೌಸ್ ಅಲ್ಲಾಡಿಸಿದರೆ ಏನೂ ಕದಲುವುದಿಲ್ಲ. ಬೋರ್ಡೇ ಕೆಟ್ಟಿದೆ ಎಂದುಕೊಂಡು ಡಬ್ಬಿಗೆ ಹಾಕಿಟ್ಟವರಿದ್ದಾರೆ. ಬೋರ್ಡು ಚೆನ್ನಾಗಿಯೇ ಇರುತ್ತದೆ. ಅಕ್ಷರಗಳ ಪರದೆಯಲ್ಲಿ ನಿಲ್ಲಬೇಕೋ, ಐಕಾನು ಕಿಟಕಿಗಳಿರುವ ಡೆಸ್ಕ್‌ಟಾಪ್ ತನಕ ಹೋಗಬೇಕೋ ಎಂಬುದು ಒಂದು ಸೆಟ್ಟಿಂಗ್, ಅಷ್ಟೆ. ಅದನ್ನು ಬದಲಿಸಲು ಎರಡು ನಿಮಿಷ ಸಾಕು. ಆದರೆ ಸೆಟ್ಟಿಂಗ್ ಸರಿಯಿದ್ದೂ ಡೆಸ್ಕ್‌ಟಾಪ್ ಬಾರದೆ ಸತಾಯಿಸುವುದುಂಟು. ನನ್ನ ಪ್ರಕಾರ ಆಗ ಮೊದಲು ಅನುಮಾನಿಸಬೇಕಾದ್ದು ಮೂರನ್ನು: ಕಾರ್ಡಿಗೆ ಬರೆದ ಆವೃತ್ತಿ, ಚಾರ್ಜರ್, ಕೇಬಲ್.

ಗೊಂದಲಕ್ಕೆ ಅರ್ಧ ಕಾರಣ ಹಳೆಯ ಸಲಹೆಗಳು. ಮೊದಲ ಪೈ 2012ರ ಫೆಬ್ರವರಿ 29ರಂದು ಮಾರಾಟಕ್ಕೆ ಬಂತು. ಬೆಲೆ 35 ಡಾಲರ್, ಮೆಮೊರಿ 256 ಎಂಬಿ. ಮಕ್ಕಳು ಪ್ರೋಗ್ರಾಮಿಂಗ್ ಕಲಿಯಲಿ ಎಂದು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಎಬೆನ್ ಅಪ್ಟನ್ ಮತ್ತು ಸಂಗಡಿಗರು ರೂಪಿಸಿದ ಆ ಬೋರ್ಡು ಅಕ್ಷರಗಳ ಪರದೆಯಲ್ಲೇ ನಿಲ್ಲುತ್ತಿತ್ತು. ‘ಪೈ’ ಎಂಬ ಹೆಸರು, ‘ರಾಸ್ಪ್‌ಬೆರಿ’ ಎಂಬ ಪಾಸ್‌ವರ್ಡ್ ಕೊಟ್ಟು ಒಳಹೊಕ್ಕು, ‘ಸ್ಟಾರ್ಟ್‌ಎಕ್ಸ್’ ಎಂದು ಟೈಪ್ ಮಾಡಿದರೆ ಡೆಸ್ಕ್‌ಟಾಪ್ ಬರುತ್ತಿತ್ತು. ಆ ಕಾಲದ ವಿಡಿಯೊಗಳು, ಪುಸ್ತಕಗಳು ಇನ್ನೂ ಓಡಾಡುತ್ತಿವೆ. ಅವನ್ನು ನೋಡಿ ಇವತ್ತಿನ ಪೈಗೆ ಅದೇ ಹೆಸರು, ಅದೇ ಪಾಸ್‌ವರ್ಡ್ ಕೊಟ್ಟರೆ ಒಳಗೆ ಬಿಡುವುದಿಲ್ಲ. ಎಲ್ಲರಿಗೂ ಗೊತ್ತಿರುವ ಪಾಸ್‌ವರ್ಡ್ ಅಪಾಯವೆಂದು 2022ರ ಏಪ್ರಿಲ್‌ನಲ್ಲಿ ಆ ಬಳಕೆದಾರನನ್ನೇ ತೆಗೆದುಹಾಕಿದರು. 2023ರ ಅಕ್ಟೋಬರ್‌ನಲ್ಲಿ ಬಂದ, ಪೈನ ಕಾರ್ಯಾಚರಣೆ ವ್ಯವಸ್ಥೆಯ ‘ಬುಕ್‌ವರ್ಮ್’ ಆವೃತ್ತಿ ಪೈ 4 ಮತ್ತು ಪೈ 5ರಲ್ಲಿ ಪರದೆಯನ್ನು ನಿಭಾಯಿಸುವ ಕೆಲಸವನ್ನು ಹಳೆಯ ಎಕ್ಸ್11ನಿಂದ ವೇಲ್ಯಾಂಡ್‌ಗೆ ಒಪ್ಪಿಸಿತು. ಒಂದು ವರ್ಷದ ನಂತರ ಉಳಿದ ಮಾದರಿಗಳೂ ಆ ದಾರಿಗೆ ಬಂದವು. ಹಾಗಾಗಿ ಪೈ ಕುರಿತ ಯಾವ ಸಲಹೆಯನ್ನೇ ಓದಿ, ಅದರ ತಾರೀಖು ಮೊದಲು ನೋಡಿ. 2023ರ ಅಕ್ಟೋಬರ್‌ಗಿಂತ ಹಿಂದಿನದಾದರೆ ಅನುಮಾನ ಇಟ್ಟುಕೊಂಡೇ ಓದಬೇಕು.

ಯಾವ ಬೋರ್ಡು ಎಂಬುದೂ ಮುಖ್ಯ. ಡೆಸ್ಕ್‌ಟಾಪ್ ತೋರಿಸುವ ಕೆಲಸವನ್ನು ಪೈ ಝೀರೋ 2 ಡಬ್ಲ್ಯೂ ಕೂಡ ಮಾಡುತ್ತದೆ, ಆದರೆ ಅದರ ಮೆಮೊರಿ 512 ಎಂಬಿ ಮಾತ್ರ. ಬ್ರೌಸರ್ ತೆರೆದು ಎರಡನೇ ಟ್ಯಾಬಿಗೆ ಹೋಗುವಷ್ಟರಲ್ಲಿ ತಾಳ್ಮೆ ಕೆಡುತ್ತದೆ. 1 ಜಿಬಿಯ ಪೈ 3 ಸಣ್ಣಪುಟ್ಟ ಕೆಲಸಕ್ಕೆ ಆದೀತು. ನಿತ್ಯ ಬಳಕೆಯ ಡೆಸ್ಕ್‌ಟಾಪ್ ಬೇಕೆಂದರೆ 4 ಜಿಬಿಯ ಪೈ 4 ಅಥವಾ ಪೈ 5 ತೆಗೆದುಕೊಳ್ಳಿ. ಮಕ್ಕಳಿಗಾದರೆ ಕೀಬೋರ್ಡಿನೊಳಗೇ ಬೋರ್ಡು ಅಡಗಿರುವ ಪೈ 400 ಅಥವಾ ಪೈ 500 ಒಳ್ಳೆಯದು. ಪಿನ್ನುಗಳ ಮೇಲೆ ನೀರು ಚೆಲ್ಲುವ, ಸ್ಪೂನು ಬೀಳಿಸುವ ಭಯ ಕಡಿಮೆ.

ಕಾರ್ಡು ಬರೆಯುವುದು

ಪೈ ಬೋರ್ಡಿನಲ್ಲಿ ಹಾರ್ಡ್‌ಡಿಸ್ಕ್ ಇಲ್ಲ. ಇಡೀ ಕಾರ್ಯಾಚರಣೆ ವ್ಯವಸ್ಥೆ ಒಂದು ಮೈಕ್ರೊ ಎಸ್‌ಡಿ ಕಾರ್ಡಿನ ಮೇಲೆ ಕೂರುತ್ತದೆ. 32 ಜಿಬಿ ಕಾರ್ಡು ಸಾಕು. ಅದರ ಮೇಲೆ ‘ಎ1’ ಅಥವಾ ‘ಎ2’ ಗುರುತಿದ್ದರೆ ಇನ್ನೂ ಒಳ್ಳೆಯದು. ಫೋಟೊ ತುಂಬಿಸಿಡಲು ಮಾಡಿದ ಕಾರ್ಡಿಗಿಂತ, ಚೂರುಚೂರಾಗಿ ಓದಿ ಬರೆಯುವ ಕೆಲಸದಲ್ಲಿ ಇಂಥವು ಚುರುಕು.

ನಿಮ್ಮ ಬೇರೆ ಕಂಪ್ಯೂಟರಿನಲ್ಲಿ ರಾಸ್ಪ್‌ಬೆರಿ ಪೈ ಇಮೇಜರ್ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಅದು ಮೂರು ಪ್ರಶ್ನೆ ಕೇಳುತ್ತದೆ: ಯಾವ ಬೋರ್ಡು, ಯಾವ ಓಎಸ್, ಯಾವ ಕಾರ್ಡು. ಹೆಚ್ಚು ಜನ ಎಡವುವುದು ಎರಡನೆಯದರಲ್ಲಿ. ಪಟ್ಟಿಯಲ್ಲಿ ಮೊದಲು ಕಾಣುವ ‘ರಾಸ್ಪ್‌ಬೆರಿ ಪೈ ಓಎಸ್’ನಲ್ಲಿ ಡೆಸ್ಕ್‌ಟಾಪ್ ಇದೆ. ಒಳಪಟ್ಟಿಯಲ್ಲಿರುವ ‘ಲೈಟ್’ ಎಂಬುದರಲ್ಲಿ ಇಲ್ಲ. ‘ಲೈಟ್’ ಎಂಬ ಹೆಸರು ನೋಡಿ, ಹಗುರವಾಗಿ ಓಡುತ್ತದೆ ಅಂತ ಅದನ್ನೇ ಆರಿಸಿದವರು ಮುಂದೆ ಏನು ಸೆಟ್ಟಿಂಗ್ ತಿರುವಿದರೂ ಡೆಸ್ಕ್‌ಟಾಪ್ ಬರುವುದಿಲ್ಲ, ಏಕೆಂದರೆ ಅದು ಕಾರ್ಡಿನ ಮೇಲೇ ಇಲ್ಲ. ‘ಫುಲ್’ ಎಂಬ ಮೂರನೆಯದೂ ಇದೆ. ಅದರ ಜೊತೆ ಬರುವ ತಂತ್ರಾಂಶಗಳನ್ನು ಬೇಕಾದಾಗ ಹಾಕಿಕೊಳ್ಳಬಹುದಾದ್ದರಿಂದ ನಾನು ಅದನ್ನು ಶಿಫಾರಸು ಮಾಡುವುದಿಲ್ಲ.

ಬರೆಯುವ ಮುನ್ನ ಇಮೇಜರ್‌ನಲ್ಲೇ ಬಳಕೆದಾರರ ಹೆಸರು, ಪಾಸ್‌ವರ್ಡ್, ವೈಫೈ ವಿವರ ತುಂಬುವ ಅವಕಾಶವಿದೆ. ತಪ್ಪದೆ ತುಂಬಿ. ವೈಫೈ ಜೊತೆ ದೇಶದ ಸಂಕೇತವನ್ನೂ ಕೇಳುತ್ತದೆ; ಭಾರತಕ್ಕೆ ಐ ಮತ್ತು ಎನ್ ಎಂಬ ಎರಡು ಅಕ್ಷರ. ಇದನ್ನು ಬಿಟ್ಟರೆ ವೈಫೈ ರೇಡಿಯೊ ಮುಚ್ಚಿಕೊಂಡೇ ಇರುತ್ತದೆ, ಪಾಸ್‌ವರ್ಡ್ ಸರಿಯಿದ್ದರೂ ಸಂಪರ್ಕ ಸಿಗುವುದಿಲ್ಲ. ಕಾರ್ಡಿನಲ್ಲಿ ಮೊದಲೇ ಏನಿದ್ದರೂ ಎಲ್ಲ ಅಳಿಸಿಹೋಗುತ್ತದೆ ಎಂಬುದು ನೆನಪಿರಲಿ. ಬರೆದು ಮುಗಿದ ಮೇಲೆ ವಿಂಡೋಸ್ ಕಂಪ್ಯೂಟರು ‘ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳಬಹುದು. ಲಿನಕ್ಸಿನ ಭಾಗ ಅದಕ್ಕೆ ಓದಲು ಬಾರದ್ದರಿಂದ ಹಾಗೆ ಕೇಳುತ್ತದೆ. ಕ್ಯಾನ್ಸಲ್ ಒತ್ತಿ. ಹೂಂ ಎಂದರೆ ಮೊದಲಿಂದ ಬರೆಯಬೇಕು.

ಕರೆಂಟು ಮತ್ತು ಕೇಬಲ್

ಮೊಬೈಲ್ ಚಾರ್ಜರಿನಲ್ಲೇ ಪೈ ಓಡಿಸುವುದು ನಮ್ಮಲ್ಲಿ ವಾಡಿಕೆ. ಅಕ್ಷರಗಳ ಪರದೆಗೆ ಅದು ಸಾಕಾದೀತು, ಡೆಸ್ಕ್‌ಟಾಪ್ ಎದ್ದ ಕೂಡಲೇ ಬೋರ್ಡು ಹೆಚ್ಚು ವಿದ್ಯುತ್ ಕೇಳುತ್ತದೆ. ಪೈ 4ಕ್ಕೆ 5 ವೋಲ್ಟಿನಲ್ಲಿ 3 ಆಂಪಿಯರ್ ಬೇಕು. ಪೈ 5ಕ್ಕೆ ಹೇಳಿರುವುದು 5 ವೋಲ್ಟಿನಲ್ಲಿ 5 ಆಂಪಿಯರ್. ‘ನನ್ನ ಲ್ಯಾಪ್‌ಟಾಪ್ ಚಾರ್ಜರು 65 ವಾಟ್, ಇದಕ್ಕೆ ಧಾರಾಳವಾಯಿತು’ ಎನ್ನುವವರಿದ್ದಾರೆ. ಆ 65 ವಾಟ್ ಬರುವುದು 20 ವೋಲ್ಟಿನಲ್ಲಿ. 5 ವೋಲ್ಟಿಗೆ ಇಳಿದಾಗ ಅಂಥ ಚಾರ್ಜರುಗಳು ಸಾಮಾನ್ಯವಾಗಿ ಕೊಡುವುದು 3 ಆಂಪಿಯರ್ ಅಷ್ಟೆ. 3 ಆಂಪಿಯರಿನಲ್ಲಿ ಪೈ 5 ಏಳುತ್ತದೆ, ಆದರೆ ಯುಎಸ್‌ಬಿ ಕಿಂಡಿಗಳಿಗೆಲ್ಲ ಸೇರಿ 600 ಮಿಲಿಆಂಪಿಯರ್ ಮಾತ್ರ ಬಿಡುತ್ತದೆ. ಕೀಬೋರ್ಡು, ಮೌಸಿಗೆ ಅಡ್ಡಿಯಿಲ್ಲ, ಯುಎಸ್‌ಬಿ ಹಾರ್ಡ್‌ಡಿಸ್ಕ್ ಚುಚ್ಚಿದರೆ ತಕರಾರು ಶುರು.

ವೋಲ್ಟೇಜು 4.63ಕ್ಕಿಂತ ಕೆಳಗಿಳಿದರೆ ಪೈ ಅದನ್ನು ಗುರುತಿಸಿ ಎಚ್ಚರಿಸುತ್ತದೆ. ಪರದೆಯ ಮೂಲೆಯಲ್ಲಿ ಹಳದಿ ಮಿಂಚಿನ ಗುರುತು ಬರಬಹುದು, ‘ಲೋ ವೋಲ್ಟೇಜ್’ ಎಂಬ ಸಂದೇಶ ಬರಬಹುದು. ಅದು ಕಂಡ ದಿನವೇ ಚಾರ್ಜರ್ ಬದಲಿಸಿ. ಅದರ ಜೊತೆಗಿನ ತಂತಿಯನ್ನೂ ಬದಲಿಸಿ. ಉದ್ದನೆಯ ಸಪೂರ ತಂತಿಯಲ್ಲೇ ವೋಲ್ಟೇಜು ಸೋರಿಹೋಗುವುದು ಹೆಚ್ಚು.

ಪೈ 4 ಮತ್ತು 5ರಲ್ಲಿ ಎರಡೆರಡು ಮೈಕ್ರೊ ಎಚ್‌ಡಿಎಂಐ ಕಿಂಡಿಗಳಿವೆ. ಒಂದೇ ಪರದೆಯಿದ್ದರೆ ಕರೆಂಟಿನ ಕಿಂಡಿಗೆ ಹತ್ತಿರವಿರುವುದಕ್ಕೇ ಸಿಕ್ಕಿಸಿ. ಟಿವಿಯನ್ನು ಮೊದಲು ಹಾಕಿ, ಸರಿಯಾದ ಇನ್‌ಪುಟ್ ಆರಿಸಿ, ಆಮೇಲೆ ಪೈಗೆ ಕರೆಂಟು ಕೊಡಿ. ಪೈ ಏಳುವಾಗ ಎದುರಿಗೆ ಪರದೆ ಇದೆಯೇ ಎಂದು ಹುಡುಕುತ್ತದೆ. ಆ ಹೊತ್ತಿಗೆ ಟಿವಿ ಆರಿದ್ದರೆ, ಆಮೇಲೆ ಹಾಕಿದರೂ ಚಿತ್ರ ಬಾರದೆ ಹೋಗಬಹುದು.

ಸೆಟ್ಟಿಂಗ್ ತಿರುವುವುದು

ಡೆಸ್ಕ್‌ಟಾಪ್ ಇರುವ ಆವೃತ್ತಿಯನ್ನೇ ಬರೆದಿದ್ದರೆ ಸಾಮಾನ್ಯವಾಗಿ ಇನ್ನೇನೂ ಮಾಡಬೇಕಿಲ್ಲ. ಮೊದಲ ಸಲ ಕಾಮನಬಿಲ್ಲಿನ ಬಣ್ಣದ ಚೌಕ ಒಂದು ಕ್ಷಣ ಕಾಣುತ್ತದೆ, ಕಾರ್ಡಿನ ಪೂರ್ತಿ ಜಾಗವನ್ನು ತನ್ನದಾಗಿಸಿಕೊಳ್ಳಲು ಪೈ ತಾನೇ ಒಮ್ಮೆ ಮರುಚಾಲನೆಯಾಗುತ್ತದೆ, ಆಮೇಲೆ ಡೆಸ್ಕ್‌ಟಾಪ್. ಈ ಮೊದಲ ಸಲಕ್ಕೆ ಹೊತ್ತು ಹಿಡಿಯುತ್ತದೆ. ನಡುವೆ ಪ್ಲಗ್ ಕೀಳಬೇಡಿ.

ಯಾರೋ ಬಳಸಿಬಿಟ್ಟ ಪೈ, ಅಥವಾ ಪ್ರಾಜೆಕ್ಟಿಗೆಂದು ಅಕ್ಷರಗಳ ಪರದೆಗೆ ತಿರುವಿಟ್ಟಿದ್ದ ಪೈ ನಿಮ್ಮ ಕೈಗೆ ಬಂದಿದ್ದರೆ ಹೀಗೆ ಮಾಡಿ. ಆಜ್ಞೆಗಳನ್ನು ಇಲ್ಲಿ ಉಚ್ಚಾರಣೆಯಂತೆ ಬರೆದಿದ್ದೇನೆ, ಟೈಪ್ ಮಾಡುವಾಗ ಎಲ್ಲವೂ ಇಂಗ್ಲಿಷಿನ ಸಣ್ಣಕ್ಷರ. ‘ಲಾಗಿನ್’ ಎಂಬಲ್ಲಿ ಹೆಸರು ಕೊಟ್ಟು ಎಂಟರ್ ಒತ್ತಿ. ಪಾಸ್‌ವರ್ಡ್ ಟೈಪ್ ಮಾಡುವಾಗ ಚುಕ್ಕಿಯಾಗಲಿ ನಕ್ಷತ್ರವಾಗಲಿ ಮೂಡುವುದಿಲ್ಲ. ಕೀಬೋರ್ಡು ಕೆಟ್ಟಿಲ್ಲ, ಲಿನಕ್ಸಿನ ರೀತಿಯೇ ಅದು. ಒಳಗೆ ಹೋದ ಮೇಲೆ ‘ಸುಡೋ ರಾಸ್ಪಿ-ಕಾನ್ಫಿಗ್’ ಎಂದು ಟೈಪ್ ಮಾಡಿ. ‘ಸುಡೋ’ ಎಂದರೆ ಎಸ್, ಯು, ಡಿ, ಒ. ‘ರಾಸ್ಪಿ’ಗೆ ಆರ್, ಎ, ಎಸ್, ಪಿ, ಐ. ‘ರಾಸ್ಪಿ’, ‘ಕಾನ್ಫಿಗ್’ ಇವೆರಡರ ನಡುವೆ ಅಡ್ಡಗೆರೆ, ಖಾಲಿ ಜಾಗ ಬೇಡ.

ನೀಲಿ ಹಿನ್ನೆಲೆಯಲ್ಲಿ ಬೂದು ಪೆಟ್ಟಿಗೆಯೊಂದು ತೆರೆದುಕೊಳ್ಳುತ್ತದೆ. ಮೌಸ್ ಇಲ್ಲಿ ಕೆಲಸ ಮಾಡುವುದಿಲ್ಲ. ಬಾಣದ ಕೀಲಿಗಳಿಂದ ಮೇಲೆ ಕೆಳಗೆ ಸರಿಯಬೇಕು. ಕೆಳಗಿನ ‘ಸೆಲೆಕ್ಟ್’, ‘ಫಿನಿಶ್’ ಗುಂಡಿಗಳಿಗೆ ಜಿಗಿಯಲು ಟ್ಯಾಬ್ ಒತ್ತಬೇಕು. ಮೊದಲ ಸಾಲಿನ ‘ಸಿಸ್ಟಮ್ ಆಪ್ಷನ್ಸ್’ ಒಳಹೊಕ್ಕು ‘ಬೂಟ್ / ಆಟೊ ಲಾಗಿನ್’ ಆರಿಸಿ. ನಾಲ್ಕು ಆಯ್ಕೆ ಕಾಣುತ್ತವೆ. ಬಿ1 ಎಂದರೆ ಅಕ್ಷರಗಳ ಪರದೆ, ಪಾಸ್‌ವರ್ಡ್ ಕೇಳುತ್ತದೆ. ಬಿ2 ಅದೇ ಪರದೆ, ಪಾಸ್‌ವರ್ಡ್ ಕೇಳುವುದಿಲ್ಲ. ಬಿ3 ಡೆಸ್ಕ್‌ಟಾಪ್, ಪಾಸ್‌ವರ್ಡ್ ಬೇಕು. ಬಿ4 ನೇರ ಡೆಸ್ಕ್‌ಟಾಪ್. ಹೊಸ ಆವೃತ್ತಿಗಳಲ್ಲಿ ಡೆಸ್ಕ್‌ಟಾಪೋ ಅಲ್ಲವೋ ಎಂಬುದು ಒಂದು ಸಾಲಾಗಿ, ತಾನೇ ಲಾಗಿನ್ ಆಗಬೇಕೋ ಬೇಡವೋ ಎಂಬುದು ಮತ್ತೊಂದು ಸಾಲಾಗಿ ಕಾಣಬಹುದು, ಸಂಗತಿ ಅದೇ. ಆರಿಸಿ, ‘ಫಿನಿಶ್’ ಕೊಟ್ಟು, ಮರುಚಾಲನೆಗೆ ‘ಯೆಸ್’ ಎನ್ನಿ.

ಬಿ3 ಒಳ್ಳೆಯದೋ ಬಿ4 ಒಳ್ಳೆಯದೋ? ಮನೆಯ ಹಾಲಿನಲ್ಲಿ ಟಿವಿಗೆ ಅಂಟಿಕೊಂಡಿರುವ ಪೈ, ಅಂಗಡಿಯ ದರಪಟ್ಟಿ ತೋರಿಸುವ ಪೈ, ಗ್ರಂಥಾಲಯದ ಹುಡುಕಾಟದ ಪೈ ಇವಕ್ಕೆ ಬಿ4 ಸರಿ. ಕರೆಂಟು ಹೋಗಿ ಬಂದಾಗ ಯಾರೂ ಬಂದು ಪಾಸ್‌ವರ್ಡ್ ಹೊಡೆಯಬೇಕಿಲ್ಲ. ಬ್ರೌಸರ್‌ನಲ್ಲಿ ನಿಮ್ಮ ಇಮೇಲ್ ತೆರೆದೇ ಇರುತ್ತದೆ, ಬ್ಯಾಂಕಿನ ಕೆಲಸವೂ ಅದರಲ್ಲೇ ಎಂದಾದರೆ ಬಿ3 ಇಟ್ಟುಕೊಳ್ಳಿ. ಹತ್ತಾರು ಕೈ ಬದಲಾಗುವ ಶಾಲೆಯ ಲ್ಯಾಬಿನಲ್ಲೂ ಬಿ3 ಇರಲಿ, ಮೇಷ್ಟ್ರಿಗೊಂದು ಮಕ್ಕಳಿಗೊಂದು ಬೇರೆ ಖಾತೆ ಮಾಡಿಡಿ.

ಡೆಸ್ಕ್‌ಟಾಪ್ ಒಳಗಿದ್ದುಕೊಂಡೇ ಇದನ್ನು ಬದಲಿಸಬಹುದು. ಮೆನುವಿನ ‘ಪ್ರಿಫರೆನ್ಸಸ್’ ಅಡಿ ‘ರಾಸ್ಪ್‌ಬೆರಿ ಪೈ ಕಾನ್ಫಿಗರೇಷನ್’, ಹೊಸದರಲ್ಲಿ ‘ಕಂಟ್ರೋಲ್ ಸೆಂಟರ್’. ಅಲ್ಲಿ ‘ಸಿಸ್ಟಮ್’ ಭಾಗದಲ್ಲಿ ‘ಬೂಟ್’ ಮತ್ತು ‘ಆಟೊ ಲಾಗಿನ್’ ಸಾಲುಗಳಿವೆ.

ಒಳಗೆ ನಡೆಯುವುದೇನು ಎಂಬುದು ತಿಳಿದಿದ್ದರೆ ತೊಂದರೆ ಬಂದಾಗ ಅನುಕೂಲ. ಪೈ ಏಳುವಾಗ ಸಿಸ್ಟಮ್‌ಡಿ ಎಂಬ ಕಾರ್ಯಕ್ರಮ ಒಂದೊಂದೇ ಸೇವೆಯನ್ನು ಎಬ್ಬಿಸುತ್ತಾ ಹೋಗುತ್ತದೆ. ಎಲ್ಲಿಯವರೆಗೆ ಹೋಗಬೇಕು ಎಂಬುದಕ್ಕೆ ಅದಕ್ಕೊಂದು ಗುರಿ ಬೇಕು. ಗುರಿ ‘ಮಲ್ಟಿ-ಯೂಸರ್’ ಆದರೆ ಅಕ್ಷರಗಳ ಪರದೆಯಲ್ಲೇ ನಿಲುಗಡೆ. ‘ಗ್ರಾಫಿಕಲ್’ ಆದರೆ ಇನ್ನೂ ಮುಂದೆ ಹೋಗಿ ಲೈಟ್‌ಡಿಎಂ ಎಂಬ ಲಾಗಿನ್ ಕಾರ್ಯಕ್ರಮವನ್ನು ಎಬ್ಬಿಸುತ್ತದೆ, ಅದು ಡೆಸ್ಕ್‌ಟಾಪನ್ನು ತೆರೆಯುತ್ತದೆ. ನೀವು ಬಿ3 ಅಥವಾ ಬಿ4 ಒತ್ತಿದಾಗ ಬದಲಾಗುವುದು ಈ ಗುರಿ. ಬಿ4ರಲ್ಲಿ ಹೆಚ್ಚುವರಿಯಾಗಿ ಲೈಟ್‌ಡಿಎಂನ ಸೆಟ್ಟಿಂಗ್ ಕಡತದಲ್ಲಿ ನಿಮ್ಮ ಹೆಸರು ಸೇರುತ್ತದೆ. ಈಗ ಗುರಿ ಯಾವುದಿದೆ ಎಂದು ನೋಡಲು ‘ಸಿಸ್ಟಮ್‌ಸಿಟಿಎಲ್ ಗೆಟ್-ಡಿಫಾಲ್ಟ್’ ಸಾಕು. ಉತ್ತರ ‘ಗ್ರಾಫಿಕಲ್.ಟಾರ್ಗೆಟ್’ ಎಂದು ಬಂದೂ ಡೆಸ್ಕ್‌ಟಾಪ್ ಕಾಣದಿದ್ದರೆ ಸೆಟ್ಟಿಂಗನ್ನು ಮತ್ತೆ ಮತ್ತೆ ತಿರುವಿ ಫಲವಿಲ್ಲ.

‘ಲೈಟ್’ ಆವೃತ್ತಿಯ ಮೇಲೆ ಬಿ3 ಆರಿಸಿದರೆ ಲೈಟ್‌ಡಿಎಂ ಇಲ್ಲ, ಅದನ್ನು ಹಾಕಿ ಎಂಬ ಸಂದೇಶ ಬರುತ್ತದೆ. ಸಂದೇಶವನ್ನು ಅಕ್ಷರಶಃ ಪಾಲಿಸಿ ಅದೊಂದನ್ನೇ ಹಾಕಿದವರು ಮತ್ತೊಂದು ಗೊಂದಲಕ್ಕೆ ಬೀಳುತ್ತಾರೆ. ಲೈಟ್‌ಡಿಎಂ ಬರೀ ಬಾಗಿಲು, ಒಳಗೆ ಮನೆ ಕಟ್ಟಿರುವುದಿಲ್ಲ. ಡೆಸ್ಕ್‌ಟಾಪಿನ ಉಳಿದೆಲ್ಲ ಭಾಗಗಳನ್ನೂ ಒಂದೊಂದಾಗಿ ಸೇರಿಸಬಹುದು, ಆದರೆ ಆ ಹೊತ್ತಿನಲ್ಲಿ ಡೆಸ್ಕ್‌ಟಾಪ್ ಇರುವ ಆವೃತ್ತಿಯನ್ನು ಕಾರ್ಡಿಗೆ ಹೊಸದಾಗಿ ಬರೆದು ಮುಗಿಸಬಹುದು.

ಆದರೂ ಬರಲಿಲ್ಲವೇ?

ಬೋರ್ಡಿನ ದೀಪಗಳನ್ನು ನೋಡಿ. ಪೈ 4ರಲ್ಲಿ ಕೆಂಪು ಕರೆಂಟಿನದು, ಹಸಿರು ಕಾರ್ಡು ಓದುವಾಗ ಮಿನುಗುವುದು. ಹಸಿರು ದೀಪ ನಾಲ್ಕು ಸಲ ಮಿನುಗಿ ನಿಂತು ಮತ್ತೆ ನಾಲ್ಕು ಸಲ ಮಿನುಗುತ್ತಿದ್ದರೆ ಕಾರ್ಡಿನಲ್ಲಿ ಆರಂಭದ ಕಡತ ಸಿಕ್ಕಿಲ್ಲ. ಏಳು ಸಲವಾದರೆ ಲಿನಕ್ಸ್ ಕರ್ನೆಲ್ ಸಿಕ್ಕಿಲ್ಲ. ಎರಡಕ್ಕೂ ಮದ್ದು ಒಂದೇ, ಕಾರ್ಡು ಮತ್ತೆ ಬರೆಯುವುದು. ಎರಡನೇ ಸಲವೂ ಹಾಗೇ ಆದರೆ ಬೇರೆ ಕಾರ್ಡು ತನ್ನಿ.

ಇನ್ನೊಂದು ಬಗೆಯ ಕಾಟ ಹೆಚ್ಚು ತಲೆ ತಿನ್ನುತ್ತದೆ. ಲಾಗಿನ್ ಪೆಟ್ಟಿಗೆ ಬರುತ್ತದೆ, ಸರಿಯಾದ ಪಾಸ್‌ವರ್ಡ್ ಕೊಡುತ್ತೀರಿ, ಪರದೆ ಒಮ್ಮೆ ಕಪ್ಪಾಗುತ್ತದೆ, ಮತ್ತೆ ಅದೇ ಲಾಗಿನ್ ಪೆಟ್ಟಿಗೆ. ಬಹಳ ಸಲ ಇದಕ್ಕೆ ಕಾರಣ ಕಾರ್ಡು ಭರ್ತಿಯಾಗಿರುವುದು. ತಾತ್ಕಾಲಿಕ ಕಡತ ಬರೆಯಲೂ ಜಾಗವಿಲ್ಲದೆ ಡೆಸ್ಕ್‌ಟಾಪ್ ಬಿದ್ದುಹೋಗುತ್ತದೆ. ಕಂಟ್ರೋಲ್, ಆಲ್ಟ್, ಎಫ್2 ಮೂರನ್ನೂ ಒಟ್ಟಿಗೆ ಒತ್ತಿದರೆ ಅಕ್ಷರಗಳ ಪರದೆ ಸಿಗುತ್ತದೆ. ಅಲ್ಲಿ ಲಾಗಿನ್ ಆಗಿ ‘ಡಿಎಫ್ -ಎಚ್’ ಎಂದು ಕೊಡಿ. ಬರೀ ಓರೆಗೆರೆಯಿಂದ ಗುರುತಿಸಿರುವ ಸಾಲಿನಲ್ಲಿ ‘100%’ ಕಂಡರೆ ಕಳ್ಳ ಸಿಕ್ಕಂತೆ. ‘ಸುಡೋ ಆಪ್ಟ್ ಕ್ಲೀನ್’ ಕೊಟ್ಟರೆ ಇಳಿಸಿಟ್ಟ ಹಳೆಯ ಪ್ಯಾಕೇಜುಗಳು ಅಳಿದು ಸ್ವಲ್ಪ ಜಾಗವಾಗುತ್ತದೆ. ಡೌನ್‌ಲೋಡ್ಸ್ ಫೋಲ್ಡರಿನ ಸಿನಿಮಾಗಳನ್ನು ನೀವೇ ತೆಗೆಯಬೇಕು. ಕಂಟ್ರೋಲ್, ಆಲ್ಟ್, ಎಫ್7 ಒತ್ತಿದರೆ ಲಾಗಿನ್ ಪೆಟ್ಟಿಗೆಗೆ ವಾಪಸ್.

ಡೆಸ್ಕ್‌ಟಾಪ್ ಬರುತ್ತದೆ, ಆದರೆ ಹಳೆಯ ತಂತ್ರಾಂಶವೊಂದು ವಿಚಿತ್ರವಾಗಿ ಆಡುತ್ತದೆ ಎಂದಾದರೆ ರಾಸ್ಪಿ-ಕಾನ್ಫಿಗ್‌ನ ‘ಅಡ್ವಾನ್ಸ್ಡ್ ಆಪ್ಷನ್ಸ್’ನಲ್ಲಿ ‘ವೇಲ್ಯಾಂಡ್’ ಎಂಬ ಸಾಲಿದೆ. ಅಲ್ಲಿ ಎಕ್ಸ್11 ಆರಿಸಿ ನೋಡಿ. ಮತ್ತೆ ವೇಲ್ಯಾಂಡ್‌ಗೆ ಮರಳಲೂ ಅಡ್ಡಿಯಿಲ್ಲ.

ಕನ್ನಡಕ್ಕೆ

ಬ್ರೌಸರ್‌ನಲ್ಲಿ ಕನ್ನಡದ ಜಾಗದಲ್ಲಿ ಚೌಕ ಚೌಕ ಪೆಟ್ಟಿಗೆಗಳು ಕಂಡರೆ ಫಾಂಟ್ ಇಲ್ಲವೆಂದೇ ಅರ್ಥ. ‘ಸುಡೋ ಆಪ್ಟ್ ಇನ್‌ಸ್ಟಾಲ್ ಫಾಂಟ್ಸ್-ಕೆಎನ್‌ಡಿಎ’ ಎಂದರೆ ಗುಬ್ಬಿ, ನವಿಲು ಎಂಬ ಎರಡು ಮುಕ್ತ ಫಾಂಟುಗಳು ಕೂರುತ್ತವೆ. ಟೈಪಿಸಲು ‘ಐಬಸ್-ಎಂ17ಎನ್’ ಹಾಕಿಕೊಳ್ಳಿ. ಕನ್ನಡ ಗಣಕ ಪರಿಷತ್ತಿನ ಕಗಪ ವಿನ್ಯಾಸ, ಇನ್‌ಸ್ಕ್ರಿಪ್ಟ್, ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ಐಟ್ರಾನ್ಸ್ ಮೂರೂ ಅದರಲ್ಲಿವೆ. ‘ನುಡಿ’ ತಂತ್ರಾಂಶದಲ್ಲಿ ಕೈ ಪಳಗಿದವರಿಗೆ ಕಗಪ ಹೊಸದಾಗಿ ಕಲಿಯುವ ಪ್ರಮೇಯವಿಲ್ಲ.

ಟಿವಿ, ಕೀಬೋರ್ಡು ಯಾವುದೂ ಇಲ್ಲದೆ ಮೂಲೆಯಲ್ಲಿ ಕೂತ ಪೈನ ಡೆಸ್ಕ್‌ಟಾಪನ್ನು ನಿಮ್ಮ ಲ್ಯಾಪ್‌ಟಾಪಿನ ಬ್ರೌಸರ್‌ನಲ್ಲೇ ನೋಡಬೇಕೆಂದರೆ 2024ರಲ್ಲಿ ಬಂದ ರಾಸ್ಪ್‌ಬೆರಿ ಪೈ ಕನೆಕ್ಟ್ ಇದೆ. ಅದು ಪರದೆ ಹಂಚಿಕೊಳ್ಳುವುದು ವೇಲ್ಯಾಂಡ್ ಡೆಸ್ಕ್‌ಟಾಪ್ ಎದ್ದಿದ್ದರೆ ಮಾತ್ರ. ಮೇಲೆ ಹೇಳಿದಂತೆ ಎಕ್ಸ್11ಗೆ ತಿರುವಿದವರಿಗೆ ಅಕ್ಷರಗಳ ಪರದೆ ಸಿಗುತ್ತದೆ, ಡೆಸ್ಕ್‌ಟಾಪ್ ಸಿಗುವುದಿಲ್ಲ. ಹಾಗೆಯೇ ಪೈಯನ್ನು ಕಡತ ಹಂಚಲು, ಜಾಹೀರಾತು ತಡೆಯಲು ಸರ್ವರ್‌ನಂತೆ ಬಳಸುವವರು ಡೆಸ್ಕ್‌ಟಾಪಿನ ಗೊಡವೆಗೇ ಹೋಗದಿರುವುದು ಒಳ್ಳೆಯದು. ಮೆಮೊರಿ ಸುಮ್ಮನೆ ಖರ್ಚು.

ಕಡೆಯದಾಗಿ ಒಂದು ಮಾತು. ಪೈಯನ್ನು ಟ್ಯೂಬ್‌ಲೈಟಿನಂತೆ ಗೋಡೆಯ ಸ್ವಿಚ್ಚಿನಲ್ಲಿ ಆರಿಸಬೇಡಿ. ಕಾರ್ಡಿಗೆ ಬರೆಯುತ್ತಿರುವಾಗ ಕರೆಂಟು ತಪ್ಪಿದರೆ ಕಡತಗಳು ಹಾಳಾಗಿ, ಮರುದಿನ ಡೆಸ್ಕ್‌ಟಾಪ್ ಬಾರದೆ ಹೋಗಬಹುದು. ಮೆನುವಿನಿಂದ ‘ಶಟ್‌ಡೌನ್’ ಕೊಡಿ, ಹಸಿರು ದೀಪದ ಮಿನುಗಾಟ ಪೂರ್ತಿ ನಿಂತ ಮೇಲೆ ಪ್ಲಗ್ ತೆಗೆಯಿರಿ. ಪೈ 5ರಲ್ಲಿ ಇದಕ್ಕೆಂದೇ ಪುಟ್ಟ ಗುಂಡಿಯಿದೆ. ಪದೇ ಪದೇ ಕರೆಂಟು ಹೋಗುವ ಊರಾದರೆ ಟಿವಿಗಿಂತ ಮೊದಲು ಪೈಯನ್ನು ಯುಪಿಎಸ್‌ಗೆ ಜೋಡಿಸಿ, ಎಲ್ಲ ಸರಿಹೊಂದಿದ ಕಾರ್ಡಿನ ಇನ್ನೊಂದು ಪ್ರತಿಯನ್ನು ಮೆನುವಿನಲ್ಲಿರುವ ‘ಎಸ್‌ಡಿ ಕಾರ್ಡ್ ಕಾಪಿಯರ್’ನಿಂದ ಮಾಡಿ ತೆಗೆದಿಡಿ.